ವಿರುದ್ಧ ಓಟು ಹಾಕಿದ ಅಕ್ಕ

ಮಾಚೇನಹಳ್ಳಿಯ ನಮ್ಮ ಎರಕದ ಕಾರ್ಖಾನೆಗೆ ಕೊನೆಯದಾಗಿ ಸೇರಿದವಳು ನಾನು. ಆರ್ಡರ್ ಕಡಿಮೆಯಾದಾಗ ಆಡಳಿತದವರು ಯೂನಿಯನ್ ಮುಂದೆ ಎರಡೇ ದಾರಿ ಇಟ್ಟರು: ಎಲ್ಲರೂ ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಡಬೇಕು, ಇಲ್ಲವೇ ಕೊನೆಗೆ ಬಂದವರು ಮೊದಲು ಮನೆಗೆ ಹೋಗಬೇಕು. ಗಂಡನ ಗ್ಯಾರೇಜು ಮುಚ್ಚಿ, ನನ್ನೊಬ್ಬಳ ದುಡಿಮೆಯಲ್ಲೇ ಮನೆ ನಡೆಯುತ್ತಿದ್ದ ಕಾಲ ಅದು. ಯಾವ ದಾರಿ ಎಂದು ಎಲ್ಲರೂ ಓಟು ಹಾಕಿ ತೀರ್ಮಾನಿಸುವುದೆಂದಾಯಿತು.

ಭದ್ರಾವತಿಯಿಂದ ದಿನಾ ನನ್ನ ಜೊತೆ ಬಸ್ಸಿಗೆ ಬರುವ ಅಕ್ಕ ಒಬ್ಬರಿದ್ದರು. ನನಗೆ ಕೆಲಸ ಕಲಿಸಿದವರು, ಮುಖಕ್ಕೆ ಹೊಡೆದ ಹಾಗೆ ಮಾತಾಡುವವರು. ಓಟಿನ ದಿನ ಬೆಳಿಗ್ಗೆ ಬಸ್ಸಿನಲ್ಲೇ ಹೇಳಿಬಿಟ್ಟರು: "ನೋಡು ಮಾರಾಯ್ತಿ, ನಾನು ಬೇಡ ಅಂತಾನೇ ಹಾಕ್ತೀನಿ. ಒಂದ್ಸಲ ಬಿಟ್ಕೊಟ್ರೆ ಕಂಪನಿಯವ್ರು ಮತ್ತೆ ಮತ್ತೆ ಕೇಳ್ತಾರೆ. ನಿನ್ನ ಬೆನ್ನ ಹಿಂದೆ ಮಾಡೋದು ಬೇಡ ಅಂತ ಹೇಳ್ದೆ." ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಉಳಿದ ದಾರಿ ಪೂರ್ತಿ ಕಿಟಕಿ ಕಡೆ ಮುಖ ಮಾಡಿ ಕೂತೆ.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಸಭೆ ಸೇರಿತು. ಚೀಟಿಗೀಟಿ ಏನಿಲ್ಲ, ಕೈ ಎತ್ತುವುದೇ ನಮ್ಮ ಪದ್ಧತಿ. "ಬಿಟ್ಕೊಡೋಣ ಅನ್ನೋರು ಕೈ ಎತ್ರಪ್ಪಾ" ಎಂದರು ಯೂನಿಯನ್ ಅಧ್ಯಕ್ಷರು. ಒಂದೊಂದಾಗಿ ಕೈಗಳು ಎದ್ದವು. ಮನೆಯಲ್ಲಿ ಹಾಸಿಗೆ ಹಿಡಿದ ತಂದೆ ಇದ್ದವರು ಎತ್ತಿದರು, ನನ್ನ ಜೊತೆ ಒಮ್ಮೆಯೂ ಮಾತಾಡದವರು ಎತ್ತಿದರು. ನನ್ನ ಕೈಯೇ ಏಳಲಿಲ್ಲ. ಅಷ್ಟೂ ಜನರ ತಟ್ಟೆಗೆ ನಾನೇ ಕೈ ಹಾಕಿದ ಹಾಗೆ ಅನ್ನಿಸಿ, ನಾಚಿಕೆಯಿಂದ ತಲೆ ತಗ್ಗಿಸಿದೆ.

ಪಕ್ಕದಲ್ಲೇ ಅಕ್ಕ ಕೂತಿದ್ದರು. ಅವರ ಬಲಗೈ ಮಡಿಲಿನಿಂದ ಕದಲಲಿಲ್ಲ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಮೇಲೆತ್ತಿದರು.

"ನನ್ ಓಟು ನಂದು. ನಿಂದು ನೀನ್ ಹಾಕೇ. ಕೆಲಸ ಬೇಕು ಅನ್ನಕ್ಕೆ ನಾಚ್ಕೆ ಏನು?" ಎಂದು ಗದರಿದರು. ಎಣಿಕೆ ಮುಗಿಯುವವರೆಗೂ ನನ್ನ ಕೈ ಬಿಡಲಿಲ್ಲ.

ಬಿಟ್ಟುಕೊಡೋಣ ಎಂದವರೇ ಹೆಚ್ಚಾದರು. ನನ್ನ ಕೆಲಸ ಉಳಿಯಿತು. ಅಂದು ಕೈ ಎತ್ತಿದ ಒಬ್ಬೊಬ್ಬರಿಗೂ ನಾನು ಋಣಿ. ಅವರ ಮುಖಗಳು ಇವತ್ತಿಗೂ ಕಣ್ಣ ಮುಂದಿವೆ.

ಕಡಿಮೆ ಸಂಬಳ ಕೈಗೆ ಬಂದ ದಿನ ಅಕ್ಕ ಭದ್ರಾವತಿ ಬರುವವರೆಗೂ ಕಂಪನಿಯನ್ನು ಬಾಯಿ ತುಂಬ ಬೈದರು. ನನಗೆ ಒಂದು ಮಾತೂ ಅನ್ನಲಿಲ್ಲ. ಕೊನೆಗೆ ನಾನೇ ತಡೆಯಲಾರದೆ, "ಎಲ್ಲಾ ನನ್ನಿಂದ ಆಯ್ತು ಅಕ್ಕ" ಎಂದೆ.

"ನಿನ್ನಿಂದ ಯಾಕೆ? ಎಲ್ರೂ ಸೇರಿ ಮಾಡಿದ ತೀರ್ಮಾನ. ಈಗ ಅದು ನಂದೂನೂ ಹೌದು" ಎಂದರು ಅಕ್ಕ.

ತುಂಬಿದ ಬಸ್ಸಿನಲ್ಲಿ, ಅವರ ಹೆಗಲಿಗೆ ತಲೆ ಇಟ್ಟು ನಾನು ಅತ್ತುಬಿಟ್ಟೆ.