ಅತ್ತೆ ಕೇಳುತ್ತಿದ್ದ ಹಸುಗಳ ಹಾಡು

ಅರಕೆರೆಯಲ್ಲಿ ನೆಂಟರ ಮದುವೆ ಎಂದು ನಿನ್ನೆ ಕಾರು ತೊಳೆಸಿಕೊಂಡು ಬಂದೆ. ತೊಳೆದವರು ಒಳಗೆಲ್ಲ ನಿಂಬೆಯ ಪರಿಮಳ ಸಿಂಪಡಿಸಿ, ಇನ್ನು ಹೊಸ ಕಾರೇ ಬಿಡಿ ಮೇಡಂ ಎಂದರು. ನಮ್ಮ ಬಾಬುರಾಯನಕೊಪ್ಪಲು ಬರುವಷ್ಟರಲ್ಲಿ ನಿಂಬೆ ಸೋತು, ಹಿಂದಿನ ಸೀಟಿನಿಂದ ಕಡಲೆಕಾಯಿ ಹಿಂಡಿಯ ವಾಸನೆ ಎದ್ದಿತು. ಹೋದ ವರ್ಷ ನಾಲ್ಕು ತಿಂಗಳು, ಪ್ರತಿ ಶನಿವಾರ, ನನ್ನ ಅತ್ತೆ ತಮ್ಮ ಹಸುಗಳಿಗೆಂದು ಪಾಂಡವಪುರದಲ್ಲಿ ಹಿಂಡಿ ಕೊಂಡು, ನೆಂಟರನ್ನು ಕೂರಿಸುವ ಹಾಗೆ ಆ ಸೀಟಿನಲ್ಲಿ ಕೂರಿಸಿಕೊಂಡು ಹೋದದ್ದರ ಫಲ ಅದು. ಆ ವಾಸನೆ ಹೋಗದಿದ್ದರೆ ನನಗೇನೂ ಬೇಸರವಿಲ್ಲ. ಯಾಕೆಂದು ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುವವಳು ನಾನು, ಸಹಿಸಿಕೊಳ್ಳಿ.

ಈ ಕಾರನ್ನು ನಾವು ಕೊಂಡದ್ದೇ ಹಳೆಯದಾಗಿ. ಮುಂದಿನ ಖಾನೆಯಲ್ಲಿ ಹಳೆಯ ಮಾಲೀಕರು ಮರೆತುಹೋದ ಒಂದು ಸಿ.ಡಿ. ಸಿಕ್ಕಿತು. ಕವರಿನ ಮೇಲೆ ನಾಲ್ಕು ಜನ ವಿದೇಶಿಯರು ಒಂದೇ ಕೊಡೆಯ ಕೆಳಗೆ ಮುದುರಿಕೊಂಡು ನಿಂತಿದ್ದರು, ಚಿತ್ರದಲ್ಲಿ ಮಳೆ ಮಾತ್ರ ಇರಲಿಲ್ಲ. ಅದೊಂದು ರಾಕ್ ತಂಡ. ಇಪ್ಪತ್ತು ಚಿಲ್ಲರೆ ವರ್ಷ ಹಾಡಿದ್ದರಲ್ಲಿ ಆರಿಸಿ, ಮೊದಲನೆಯದರಿಂದ ಕೊನೆಯದರವರೆಗೆ ಸಾಲಾಗಿ ಜೋಡಿಸಿದ್ದಾರೆ ಎಂದು ಹಿಂದೆ ಬರೆದಿತ್ತು. ಭಾವಗೀತೆ, ಸಿನಿಮಾ ಹಾಡು ಬಿಟ್ಟರೆ ಬೇರೆ ಗೊತ್ತಿಲ್ಲದ ಕನ್ನಡ ಟೀಚರು ನಾನು. ರಾಕ್ ಎಂದರೆ ಕಿರುಚಾಟ ಎಂದುಕೊಂಡಿದ್ದೆ. ಇವರೋ, ಜೋಡಿ ಕಳೆದುಕೊಂಡ ಕಾಲುಚೀಲದ ಮೇಲೆ ಹಾಡುತ್ತಾರೆ. ಯಾರೂ ಒತ್ತದ ಕರೆಗಂಟೆಯ ಮೇಲೆ ಹಾಡುತ್ತಾರೆ. ಗಿಟಾರಿನ ನಡುವೆ ಕುಕ್ಕರಿನ ಸೀಟಿಯಂಥದ್ದೊಂದು ಕೂಗುತ್ತದೆ. ಮೊದಲ ದಿನ ಪ್ಲೇಯರ್ ಕೆಟ್ಟಿದೆ ಎಂದುಕೊಂಡೆ. ವಾರ ಕಳೆಯುವಷ್ಟರಲ್ಲಿ ಕೆಟ್ಟವಳು ನಾನೇ. ಪಾಂಡವಪುರದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕಾಲುಚೀಲದ ಹಾಡು ಗುನುಗುತ್ತಾ ಸಿಕ್ಕಿಬಿದ್ದೆ.

ಒಂಬತ್ತನೆಯ ಹಾಡನ್ನು ಮಾತ್ರ ದಾಟಿಸಿಬಿಡುತ್ತಿದ್ದೆ. ಅದರಲ್ಲಿ ಇರುವುದೆಲ್ಲ ಬರೀ ಹೆಸರು. ಒಂದಾದ ಮೇಲೊಂದು, ಕೆಲವು ನಗು ಬರಿಸುವಂಥವು. ಮನೆಗೆ ಬಾರದೇ ಹೋದ ಮಗುವಿಗೆ ಅಪ್ಪ ಅಮ್ಮ ಆರಿಸಿಟ್ಟುಕೊಂಡಿದ್ದ ಹೆಸರುಗಳು ಎಂದು ಕವರಿನೊಳಗಿನ ಪುಟ್ಟ ಪುಸ್ತಕದಲ್ಲಿ ಅಚ್ಚಾಗಿತ್ತು.

ನಮ್ಮದೂ ಬರಲಿಲ್ಲ. ಆ ಶನಿವಾರಗಳಿಗಿಂತ ಎರಡು ವರ್ಷ ಹಿಂದೆ, ಏಳನೇ ತಿಂಗಳಲ್ಲಿ. ಹೆಣ್ಣುಮಗು, ಉಸಿರಿರಲಿಲ್ಲ. ಅದರ ಹಿಂದಿನ ವಾರವಷ್ಟೇ ಅತ್ತೆ ತಮ್ಮ ಊರು ಬೂಕನಕೆರೆಗೆ ಕರೆಸಿಕೊಂಡು ಮಡಿಲು ತುಂಬಿದ್ದರು. ಅಲ್ಲಿಯತನಕ ನಾನು ಶಾಲೆಗೆ ಸ್ಕೂಟರಿನಲ್ಲೇ ಓಡಾಡಿದ್ದೆ. ಆ ಸ್ಕೂಟರಿನಿಂದಲೇ ಹೀಗಾಯಿತು ಎಂದು ಅತ್ತೆ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎಂದು ನಾನು ನಂಬಿದ್ದೆ. ಅವರು ಹಾಗೆ ಹೇಳಲಿಲ್ಲ, ಏನನ್ನೂ ಹೇಳಲಿಲ್ಲ. ಎರಡು ವರ್ಷ ನಮ್ಮಿಬ್ಬರ ನಡುವೆ ಕಾಫಿ ಆಯಿತಾ, ಊಟ ಆಯಿತಾ ಎಂಬುದರ ಆಚೆಗೆ ಮಾತಿರಲಿಲ್ಲ. ಒಂದು ಸಲ ಬಾಯ್ತುಂಬ ಬೈದಿದ್ದರೆ ನಾನೂ ಬಾಯ್ಬಿಟ್ಟು ಅಳುತ್ತಿದ್ದೆನೇನೋ.

ಹೀಗಿರುವಾಗ ಅತ್ತೆಯ ಬಲಭುಜ ಹಿಡಿದುಕೊಂಡಿತು. ಹಾಲು ಕರೆಯುವ ಕೈ ಮೇಲೇಳದು. ವಾರಕ್ಕೊಮ್ಮೆ ಶ್ರೀರಂಗಪಟ್ಟಣಕ್ಕೆ ಬಂದು ವ್ಯಾಯಾಮ ಮಾಡಿಸಿಕೊಳ್ಳಬೇಕೆಂದರು ಡಾಕ್ಟರು. ನನ್ನ ಗಂಡನಿಗೆ ನಾಗಮಂಗಲದಲ್ಲಿ ಕೆಲಸ, ಶನಿವಾರವೂ ಬಿಡುವಿಲ್ಲ. ಹಾಗಾಗಿ ಕರೆತಂದು ಬಿಟ್ಟುಬರುವುದು ನನ್ನ ಪಾಲಿಗೆ ಬಂತು. ಮೊದಲ ಶನಿವಾರ ಬೂಕನಕೆರೆಯಿಂದ ಚಿನಕುರಳಿಯವರೆಗೆ ಇಬ್ಬರೂ ತುಟಿ ಬಿಚ್ಚಲಿಲ್ಲ. ಆ ಮೌನ ತಡೆಯಲಾರದೆ ಸಿ.ಡಿ. ಹಾಕಿದೆ.

ಸ್ವಲ್ಪ ಹೊತ್ತು ಕೇಳಿ ಅತ್ತೆ, ಇದು ಯಾವುದರ ಮೇಲಿನ ಹಾಡು ಎಂದರು. ಆರಿಹೋದ ಕಾಫಿಯ ಹತ್ತಿರ ಒಬ್ಬ ಕ್ಷಮೆ ಕೇಳುತ್ತಿದ್ದಾನೆ ಎಂದೆ.

"ಅದ್ಕೂ ಒಂದು ಆಡಾ? ಬಿಸಿ ಮಾಡ್ಕಂಡು ಕುಡಿಯಕ್ಕೇನಾಗಿತ್ತು ಅವ್ನಿಗೆ?"

ನನಗೆ ನಗು ಬಂದುಬಿಟ್ಟಿತು. ಅಂದಿನಿಂದ ಒಂದೊಂದು ಹಾಡನ್ನೂ ಅವರಿಗೆ ಕನ್ನಡದಲ್ಲಿ ಹೇಳುವುದೇ ನನ್ನ ಕೆಲಸವಾಯಿತು. ಅವರ ಕಿವಿ ನನ್ನದಕ್ಕಿಂತ ಚುರುಕು. ಹನ್ನೆರಡನೆಯ ಹಾಡು ಬಂದಾಗ, ಇದನ್ನು ಹಾಡುತ್ತಿರುವುದು ಮೊದಲ ಹಾಡಿನ ಹುಡುಗನ ಅಪ್ಪನಾ ಎಂದು ಕೇಳಿದರು. ಅಲ್ಲ, ಅವನೇ, ಅಷ್ಟರಲ್ಲಿ ವಯಸ್ಸಾಗಿದೆ ಎಂದೆ. ಅಯ್ಯೋ ಪಾಪ, ಚಿನಕುರಳಿಯಿಂದ ಪಟ್ಟಣಕ್ಕೆ ಬರುವಷ್ಟರಲ್ಲಿ ಮುದುಕನಾಗಿಬಿಟ್ಟನಲ್ಲ ಎಂದು ನೊಂದುಕೊಂಡರು. ಎಷ್ಟೋ ಸಲ ಕೇಳಿದ್ದ ನನಗೆ ಅದು ಹೊಳೆದಿರಲಿಲ್ಲ. ಮೊದಲ ಹಾಡಿನಲ್ಲಿ ಮಾತಿನ ಹಿಂದೆ ಮಾತು ಓಡಿಸುತ್ತಿದ್ದವನು ಆ ಹೊತ್ತಿಗೆ ಪದಕ್ಕೊಂದು ಸಲ ಉಸಿರು ತೆಗೆದುಕೊಳ್ಳುತ್ತಿದ್ದ.

ಒಂಬತ್ತನೆಯದನ್ನು ದಾಟಿಸುವುದು ಎರಡನೆಯ ಶನಿವಾರ ಮರೆತುಹೋಯಿತು. ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರು, ಕೈ ಸ್ಟೇರಿಂಗಿನ ಮೇಲೆ. ಇವನೇನು ಹೇಳುತ್ತಿದ್ದಾನೆ ಎಂದು ಅತ್ತೆ ಕೇಳಿದರು. ಬರೀ ಹೆಸರು ಎಂದೆ. ಯಾರ ಹೆಸರು ಎಂದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ, ಅವನ ಹಸುಗಳ ಹೆಸರು ಎಂದು.

ಅತ್ತೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಎಷ್ಟು ಕಟ್ಟಿದ್ದಾನೆ, ಹಾಲು ಎಷ್ಟು ಎಂದೆಲ್ಲ ವಿಚಾರಿಸಿದರು. ತಮ್ಮ ಗೌರಿ, ಕೆಂಪಿ, ಲಚ್ಚಿಯರ ಗುಣಾವಗುಣಗಳನ್ನು ಪಾಂಡವಪುರದವರೆಗೆ ವರ್ಣಿಸಿದರು. ಅವರು ನನ್ನೊಡನೆ ಅಷ್ಟು ಮಾತಾಡಿದ್ದು ಎರಡು ವರ್ಷಗಳಲ್ಲಿ ಅದೇ ಮೊದಲು. ಆಮೇಲೆ ಪ್ರತಿ ವಾರವೂ ಕಾರು ಹತ್ತಿದೊಡನೆ, "ಆ ಅಸಿನ ಆಡು ಆಕವ್ವ" ಎನ್ನುವರು. ದಾಟಿಸುತ್ತಿದ್ದ ಹಾಡನ್ನೇ ನಾನು ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ ಕೇಳಬೇಕಾಯಿತು. ಸುಳ್ಳಿಗೆ ಆಧಾರ ಬೇಕಲ್ಲ, ಒಂದೊಂದು ಹೆಸರಿಗೂ ಬಣ್ಣ, ಕೊಂಬು, ಕರು ಎಲ್ಲ ಕೊಟ್ಟೆ. ಹೊಟ್ಟೆಯಲ್ಲಿ ಸಂಕಟ ಇಟ್ಟುಕೊಂಡು ಬಾಯಲ್ಲಿ ದನದ ಜಾತ್ರೆ ಕಟ್ಟಿದವಳು ನಾನು.

ನಾಲ್ಕನೆಯ ತಿಂಗಳಲ್ಲಿ ಒಂದು ಶನಿವಾರ ರೈಲ್ವೆ ಗೇಟು ಹಾಕಿತ್ತು. ಎಂಜಿನ್ ನಿಲ್ಲಿಸಿದ್ದೆ, ಹಾಡು ಓಡುತ್ತಿತ್ತು. ಅತ್ತೆ ಕಿಟಕಿಯಾಚೆ ನೋಡುತ್ತಾ ಹೇಳಿದರು:

"ಇದು ಅಸ ಕರಿಯೋ ದನಿ ಅಲ್ಲ ಕಣವ್ವ. ಅಸ ಕರುದ್ರೆ ತಿರುಗಿ ನೋಡ್ತದೆ. ಬರಾಕಿಲ್ಲ ಅಂತ ಗೊತ್ತಿದ್ದೇ ಇವ್ನು ಕರೀತಾವ್ನೆ."

ಇನ್ನೂ ಸುಳ್ಳು ಹೇಳುವ ಶಕ್ತಿ ಇರಲಿಲ್ಲ. ಆ ಹೆಸರುಗಳು ಯಾರವೆಂದು ಹೇಳಿದೆ. ಸ್ಕೂಟರಿನ ವಿಷಯವನ್ನೂ ಹೇಳಿದೆ, ನೀವು ನನ್ನ ಮೇಲೆ ತಪ್ಪು ಹೊರಿಸಿದ್ದೀರಿ ಅಂತ ನನಗೆ ಗೊತ್ತು ಎಂದೂ ಅಂದೆ. ರೈಲು ಹೋಯಿತು. ಗೇಟು ಎದ್ದಿತು. ಹಿಂದಿನವರು ಹಾರನ್ ಹೊಡೆಯತೊಡಗಿದರು.

"ಸ್ಕೂಟ್ರಾ?" ಎಂದರು ಅತ್ತೆ. "ಆ ಅಳ್ಳ ಬಿದ್ದ ರಸ್ತೇಲಿ ನಿನ್ನ ಕರೆಸ್ಕಂಡೋಳು ನಾನು. ಮಡ್ಲು ತುಂಬೋದು ನಾಕು ದಿನ ತಡ ಆಗಿದ್ರೆ ಏನಾಗ್ತಿತ್ತು? ಅದ್ಕೇ ನೀನು ನನ್ ಮಕ ನೋಡ್ತಿಲ್ಲ ಅಂದ್ಕಂಡಿದ್ದೆ ಕಣವ್ವ."

ಎರಡೂ ಕಾರಣವಲ್ಲ ಎಂದು ಡಾಕ್ಟರು ಆವತ್ತೇ ಹೇಳಿದ್ದರು. ನಾನು ಅದನ್ನು ನಂಬಿರಲಿಲ್ಲ. ಅತ್ತೆಗೆ ಯಾರೂ ಹೇಳಿಯೇ ಇರಲಿಲ್ಲ. ಕಾರನ್ನು ಪಕ್ಕಕ್ಕೆ ಹಾಕಿ ಅದೆಷ್ಟೋ ಹೊತ್ತು ಇಬ್ಬರೂ ಅತ್ತೆವು. ಆಮೇಲೆ ಅವರು ಸೆರಗಿನಿಂದ ಮೊದಲು ನನ್ನ ಮುಖ ಒರೆಸಿ, ನಂತರ ತಮ್ಮದನ್ನು ಒರೆಸಿಕೊಂಡು, ನೀನು ಏನೆಂದು ಹೆಸರಿಟ್ಟಿದ್ದೆ ಎಂದು ಕೇಳಿದರು. ಗಂಡನಿಗೂ ಹೇಳಿರದ ಹೆಸರು ಅದು. ಹೇಮಾ ಎಂದೆ.

"ಏಮ," ಎಂದರು ಅತ್ತೆ. "ಅಂಗಾರೆ ನಾನು ಏಮನ ಅಜ್ಜಿ."

ದಿನವಿಡೀ ಶಾಲೆಯಲ್ಲಿ ಮಕ್ಕಳ ಬಾಯಿಗೆ ಹಕಾರ ತುರುಕುವ ನಾನು, ಆ ಹೆಸರನ್ನು ತಿದ್ದಲಿಲ್ಲ.

ಈಗ ಅತ್ತೆಯ ಭುಜ ವಾಸಿಯಾಗಿದೆ, ಶನಿವಾರದ ಪ್ರಯಾಣವಿಲ್ಲ. ಇವತ್ತು ಅರಕೆರೆಯ ಮದುವೆಯಲ್ಲಿ ಅತ್ತೆಯೂ ನಾನೂ ಊಟಕ್ಕೆ ಒಟ್ಟಿಗೆ ಕೂತಿದ್ದೆವು. ಎದುರು ಸಾಲಿನ ಹೆಂಗಸೊಬ್ಬರು, ನೆಂಟರಲ್ಲಿ ಎಲ್ಲರೂ ವಿಚಾರಿಸುವ ಹಾಗೆ, ಮಕ್ಕಳೆಷ್ಟವ್ವ ಎಂದು ಕೇಳಿದರು. ಇಂಥ ಹೊತ್ತಿನಲ್ಲಿ ನಾನು ಸುಮ್ಮನೆ ನಕ್ಕು, ಅರ್ಧ ಊಟಕ್ಕೇ ಎಲೆ ಮಡಚಿ ಎದ್ದುಬಿಡುವುದು ರೂಢಿ. ನಾನು ನಗುವ ಮೊದಲೇ ಅತ್ತೆ ಅನ್ನ ಕಲಸುತ್ತಾ ಹೇಳಿದರು:

"ಒಂದು ಎಣ್ಮಗ. ಉಳೀನಿಲ್ಲ. ಏಮ ಅಂತ ಎಸ್ರು."

ಆ ಹೆಂಗಸು ಊಟ ನಿಲ್ಲಿಸಿ, ಒಳ್ಳೆ ಎಸ್ರು ಕಣವ್ವ ಎಂದು ನನ್ನನ್ನು ನೋಡಿದರು. ಹೌದು ಎಂದೆ. ಬಡಿಸುವವರು ಬಂದಾಗ ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ.