ಬೋಟಿನಲ್ಲಿ ಅಜ್ಜಿಯ ಪೂಜೆ

ಅಜ್ಜಿಯ ಎಡಗೈ ಹೆಬ್ಬೆರಳು ನಡುಗುತ್ತಿತ್ತು. ಉಳಿದ ಬೆರಳುಗಳನ್ನು ಅವಳು ಸೆರಗಿನೊಳಗೆ ಮಡಚಿಟ್ಟುಕೊಂಡಿದ್ದಳು.

ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಈ ಅಜ್ಜಿ ಮತ್ತು ನಾನು ಆಲಪ್ಪುಳದಿಂದ ಕಾಲುವೆಗಳಲ್ಲೇ ದಕ್ಷಿಣಕ್ಕೆ, ಕೊಲ್ಲಂವರೆಗೆ ಹೋಗುವ ಬೋಟಿನಲ್ಲಿದ್ದೆವು. ಇಡೀ ದಿನದ ಪ್ರಯಾಣ. ಅದಕ್ಕೆ ಮೊದಲು ಎರಡು ದಿನ ವ್ಯಾನಿನಲ್ಲಿ ಕೂತು ಬಂದಿದ್ದೆವು. ದುರ್ಗಿಗುಡಿಯ ನಮ್ಮ ಮನೆಗೆ ಬೀಗ ಹಾಕಿ, ಜನ್ನಾಪುರದ ಚಿಕ್ಕಪ್ಪನ ಮನೆಯಿಂದ ಅಜ್ಜಿಯನ್ನು ಹತ್ತಿಸಿಕೊಂಡಾಗ ಇದ್ದ ಉತ್ಸಾಹ ಈಗ ಯಾರಲ್ಲೂ ಇರಲಿಲ್ಲ. ಎರಡೂ ದಡಗಳಲ್ಲಿ ಒಂದೇ ಥರದ ತೆಂಗಿನ ಮರಗಳು ಹಿಂದೆ ಸರಿಯುತ್ತಿದ್ದವು.

ಅಜ್ಜಿ ಲಿಂಗಪೂಜೆ ಮಾಡದೆ ಏನನ್ನೂ ತಿನ್ನುವುದಿಲ್ಲ. ಅಂದು ಲಾಡ್ಜಿನಲ್ಲಿ ಬಿಸಿನೀರು ತಡವಾಗಿ ಬಂತು. ಅವಳ ಸ್ನಾನ ಮುಗಿಯುವಷ್ಟರಲ್ಲಿ ಬೋಟು ಹೊರಡುವ ಹೊತ್ತಾಗಿತ್ತು. ಪೂಜೆಯನ್ನು ಬೋಟಿನಲ್ಲೇ ಮಾಡಿದರಾಯಿತೆಂದು ಅಪ್ಪ ಒಪ್ಪಿಸಿದರು. ಹೇಗೂ ಈಗ ತಿಂಡಿ ತಿನ್ನುತ್ತಾಳೆಂದು ಅಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟುಬಿಟ್ಟಳು. ಯಾವ ಚೀಲ ಬೋಟಿಗೆ, ಯಾವುದು ವ್ಯಾನಿಗೆ ಎಂದು ನಾನು ಹಿಂದಿನ ಸಂಜೆಯೇ ಚೀಟಿ ಅಂಟಿಸಿದ್ದೆ. ಬೆಳಿಗ್ಗೆ ಬದಲಾದ ಏರ್ಪಾಡಿಗೆ ತಕ್ಕಂತೆ ಚೀಟಿ ಬದಲಿಸಲಿಲ್ಲ. ವಿಭೂತಿ, ತಂಬಿಗೆ, ಮಡಿವಸ್ತ್ರ ಇದ್ದ ಚೀಲ ಡ್ರೈವರ್ ಜೊತೆ ವ್ಯಾನಿನಲ್ಲಿ ರಸ್ತೆಯ ಮೇಲೆ ಕೊಲ್ಲಂ ಕಡೆ ಹೋಯಿತು.

ಲಿಂಗ ಅಜ್ಜಿಯ ಕೊರಳಲ್ಲೇ ಇತ್ತು. ಆದರೆ ವಿಭೂತಿ ಇಲ್ಲದೆ ಪೂಜೆ ಹೇಗೆ, ಸಂಜೆ ಇಳಿದ ಮೇಲೆ ತಿನ್ನುತ್ತೇನೆ ಎಂದಳು. ಅಪ್ಪ ಬೇಡಿಕೊಂಡರು, ಸ್ವಲ್ಪ ಗದರಿದರು. ಅಮ್ಮ ಬಾಳೆಹಣ್ಣು ಹಿಡಿದುಕೊಂಡೇ ಕೂತಿದ್ದಳು. ಹನ್ನೆರಡರ ಹೊತ್ತಿಗೆ, ಖಾಲಿ ಹೊಟ್ಟೆಯಲ್ಲಿ ಮಾತ್ರೆಗೆ ಸಕ್ಕರೆ ಇಳಿದು, ಅಜ್ಜಿಯ ಹಣೆ ಬೆವರಿತು.

"ಅಜ್ಜಿ, ಚೀಲ ತಪ್ಪಿಸಿದ್ದು ನಾನು. ಉಪವಾಸ ನಾನಿರ್ತೀನಿ, ನೀನು ತಿನ್ನು," ಎಂದೆ.

"ನೀನು ಉಪವಾಸ ಇದ್ರೆ ನನ್ನ ಶುಗರ್ ನೆಟ್ಟಗಾಗುತ್ತೇನೇ ಮಾರಾಯ್ತಿ?"

ಅಮ್ಮ ನಕ್ಕಳು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡಳು.

ಅಜ್ಜಿ ಅವಳ ಕಡೆ ನೋಡಿ, ಬಾಟಲಿಯ ನೀರು ಕೇಳಿ ಕೈ ತೊಳೆದಳು. ಕೊರಳಲ್ಲಿದ್ದ ಕರಡಿಗೆ ಬಿಚ್ಚಿ ಒಳಗಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು.

"ನಡುಗ್ತಿದೆ. ಬಿದ್ರೆ ಏನು ಗತಿ? ಕೆಳಗೆ ನಿನ್ನ ಕೈ ಇಡು."

ಎರಡೂ ಅಂಗೈಗಳನ್ನು ಅವಳ ಕೈಯ ಕೆಳಗೆ ಆನಿಸಿ ಕೂತೆ. ಅವಳ ಕೈ ತಣ್ಣಗಿತ್ತು. ವಿಭೂತಿಯಿಲ್ಲದೆ, ಮೂರು ಹನಿ ನೀರಿನಲ್ಲಿ ಪೂಜೆ ಮುಗಿಸಿ, ಹಣ್ಣು ತಿಂದಳು. ಇನ್ನೊಂದು ತಿಂದಳು. ನಡುಕ ನಿಧಾನವಾಗಿ ನಿಂತಿತು. ಆಮೇಲೆ ಅಪ್ಪ, ಅಮ್ಮ ಕೂತಲ್ಲೇ ನಿದ್ದೆಹೋದರು. ಅಜ್ಜಿ ಮಾತ್ರ ನೀರು ನೋಡುತ್ತಿದ್ದಳು. ಮಧ್ಯೆ ಊಟಕ್ಕೆ ನಿಲ್ಲಿಸಿದಾಗಲೂ ಇಳಿಯಲಿಲ್ಲ.

ಕೊಲ್ಲಂನ ಲಾಡ್ಜಿನಲ್ಲಿ ಮಲಗುವ ಮುಂಚೆ ಒಂದೇ ಮಾತು ಹೇಳಿದಳು: "ಮದುವೆಯಾಗಿ ಬಂದಾಗಿಂದ ಇವತ್ತೊಂದೇ ದಿನ ಹಿಂಗಾಗಿದ್ದು." ನನ್ನನ್ನು ಬೈದಿದ್ದರೆ ಸುಲಭವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು ಸ್ನಾನ ಮಾಡಿದೆ. ಅವಳು ಪೂಜೆಗೆ ಕೂತಾಗ ಸ್ವಲ್ಪ ದೂರದಲ್ಲಿ, ನೆಲದ ಮೇಲೆ ಕೂತೆ. ಅಮ್ಮ ಬಾಗಿಲಲ್ಲಿ ನಿಂತು ಕಾಫಿಗೆ ಕರೆದಳು. ಅಜ್ಜಿಯ ಜೊತೆಗೇ ಬರುತ್ತೇನೆಂದು ಕೈಸನ್ನೆ ಮಾಡಿ ಕಳಿಸಿದೆ.