ವಿಚಾರಣೆ ಅಕ್ಕ ಪ್ರಶ್ನೆ ಕೇಳಿದ್ದು

ಬಸ್ ನಿಲ್ದಾಣದ ವಿಚಾರಣೆ ಕಿಂಡಿಯ ಹಿಂದೆ ಇಪ್ಪತ್ತಾರು ವರ್ಷ ಕೂತವಳಿಗೆ ಊರು ಇಟ್ಟ ಹೆಸರು ವಿಚಾರಣೆ ಅಕ್ಕ. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರಂನಿಂದ, ಯಾವುದು ಇವತ್ತು ಕೆಟ್ಟು ನಿಂತಿದೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಕೋಪ ಮಾತ್ರ ಮೂಗಿನ ತುದಿಯಲ್ಲಿ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದವರಿಗೆ ಅವಳು ಉತ್ತರ ಕೊಡುತ್ತಿರಲಿಲ್ಲ, ಕನ್ನಡಕದ ಮೇಲಿಂದ ಒಂದು ನೋಟ ಕೊಡುತ್ತಿದ್ದಳು. ಬಹಳ ಜನ ಬಸ್ಸು ತಪ್ಪಿದರೂ ಪರವಾಗಿಲ್ಲ ಎಂದು ಅಲ್ಲಿಂದ ಜಾಗ ಖಾಲಿ ಮಾಡುತ್ತಿದ್ದರು.

ಇಂಥವಳಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಎಡಗಡೆ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ಪರೀಕ್ಷೆಯ ಮೇಲೆ ಪರೀಕ್ಷೆಯಾಯಿತು. ಕೊನೆಗೆ ಡಾಕ್ಟರು ಎದುರಿಗೆ ಕೂರಿಸಿಕೊಂಡು, ಇದು ಕ್ಯಾನ್ಸರ್, ಆಪರೇಷನ್ ಆಗಬೇಕು, ಆಮೇಲೆ ಡ್ರಿಪ್ ಮೂಲಕ ಔಷಧಿ ಎಂದು ಹತ್ತು ನಿಮಿಷ ವಿವರಿಸಿ, "ಏನಾದ್ರೂ ಕೇಳೋದಿದ್ಯಾ?" ಎಂದರು.

"ಇಲ್ಲ," ಎಂದಳು ಅಕ್ಕ, ತಟ್ಟನೆ.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಗಂಡ ಎದ್ದು ನಿಂತ. ಫ್ಯಾನು, ಮಿಕ್ಸಿ ರಿಪೇರಿ ಮಾಡುವ ಆತ ದಿನಕ್ಕೆ ಎಣಿಸಿ ಇಪ್ಪತ್ತು ಮಾತಾಡುವ ಮನುಷ್ಯ.

"ಏನಂದ್ರು?"

"ಕ್ಯಾನ್ಸರ್ ಅಂದ್ರು. ಆಮೇಲಿಂದು ಗೊತ್ತಿಲ್ಲ ಕಣ್ರೀ."

ಗಂಡನಿಗೆ ಮೊದಲನೆಯ ಮಾತಿನಷ್ಟೇ ಎರಡನೆಯದೂ ದಿಗಿಲು ಹುಟ್ಟಿಸಿತು. ಅವಳ ಬಾಯಿಂದ 'ಗೊತ್ತಿಲ್ಲ' ಎಂಬ ಮಾತನ್ನು ಮದುವೆಯಾದಾಗಿನಿಂದ ಆತ ಕೇಳಿಯೇ ಇರಲಿಲ್ಲ.

ಅವಳಿಗೆ ಗೊತ್ತಿಲ್ಲದ್ದೆಲ್ಲ ಉಳಿದವರಿಗೆ ಗೊತ್ತಿತ್ತು. ಮೇಲಿನ ಮನೆಯಾಕೆ ಯಾವುದೋ ಸೊಪ್ಪಿನ ರಸ ತಂದಳು, ಅದರ ವಾಸನೆಗೆ ಬೆಕ್ಕು ಮನೆ ಬಿಟ್ಟು ಎರಡು ದಿನ ಬರಲಿಲ್ಲ. ಡಿಪೋ ಮ್ಯಾನೇಜರು ಸಕ್ಕರೆ ಮುಟ್ಟಲೇಬೇಡಿ ಎಂದರು. ತಂಗಿಯಂತೂ ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ಹೇಳಲು ದಿನಾ ಸಂಜೆ ಹಾಜರು.

"ಅಕ್ಕಾ, ಇಲ್ಲಿ ನೋಡು, ಹಾಲು ಕುಡೀಬಾರ್ದಂತೆ."

"ನಿನ್ನೆ ಕುಡೀಬೇಕು ಅಂದಿದ್ದೆ ಕಣೇ."

"ಅದು ಬೇರೆಯವರು ಬರ್ದಿದ್ದು."

ಅಕ್ಕ ನಕ್ಕಳು. ಆದರೆ ತಂಗಿ ಹೋದ ಮೇಲೆ ಬಚ್ಚಲಿನ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಎಕ್ಸ್‌ರೇ ಕೋಣೆಯ ಪಕ್ಕ, 'ರೋಗಿಗಳಿಗೆ ಮಾಹಿತಿ ಮತ್ತು ನೆರವು' ಎಂದು ಬರೆದ ಸಣ್ಣ ಕೋಣೆಯಿತ್ತು. ರಕ್ತಪರೀಕ್ಷೆಗೆ ಬಂದ ದಿನ ಅಕ್ಕ ಅದರ ಮುಂದೆ ಮೂರು ಸಲ ಹಾದುಹೋದಳು. ಕಿಂಡಿಯ ಈಚೆ ನಿಂತು ಕೇಳುವುದೆಂದರೆ ಅವಳಿಗೆ ಮೈಯೆಲ್ಲ ಹಿಡಿಯಾದಂತೆ. ನಾಲ್ಕನೆಯ ಸಲ ಒಳಗಿದ್ದ ದಪ್ಪ ಮೀಸೆಯ ನರ್ಸು, "ಬನ್ನಿ ಅಮ್ಮ, ಫ್ಯಾನ್ ಕೆಳಗೆ ಕೂತ್ಕೊಳ್ಳಿ. ನಡೆದೂ ನಡೆದೂ ಸುಸ್ತಾಗಿರತ್ತೆ," ಎಂದ.

ಅಕ್ಕ ಕೂತಳು. "ನನಗಲ್ಲ, ನಮ್ಮ ಪಕ್ಕದ್ಮನೆಯವ್ರಿಗೆ," ಎಂದು ಶುರು ಮಾಡಿದಳು. "ಅವ್ರು ಸಕ್ಕರೆ ತಿನ್ಬಹುದಾ?"

"ಪಕ್ಕದ್ಮನೆಯವ್ರಿಗೆ ಶುಗರ್ ಕಾಯಿಲೆ ಇಲ್ದಿದ್ರೆ ಹಿತಮಿತವಾಗಿ ತಿನ್ನಲಿ. ಹೊಟ್ಟೆ ಖಾಲಿ ಬಿಡೋದು ಬೇಡ."

"ಅವ್ರ ಕೂದಲು ಉದುರತ್ತಾ?"

"ಅವ್ರಿಗೆ ಕೊಡೋ ಔಷಧಿ ಮೇಲೆ ನಿಂತಿರತ್ತೆ. ಉದುರಿದ್ರೂ ಆಮೇಲೆ ಬರತ್ತೆ."

"ಅದು ಅಂಟುಕಾಯಿಲೆನಾ? ಗಂಡನಿಗೆ..."

"ಇಲ್ಲಮ್ಮ. ಒಂದೇ ತಟ್ಟೇಲಿ ಉಣ್ಣಲಿ ಬೇಕಾದ್ರೆ." ನರ್ಸು ಪೆನ್ನು ಕೆಳಗಿಟ್ಟ. "ಪಕ್ಕದ್ಮನೆಯವ್ರಿಗೆ ನಿದ್ದೆ ಬರ್ತಿದ್ಯಾ?"

ಅಕ್ಕ ಇಲ್ಲ ಎಂದು ತಲೆಯಾಡಿಸಿದಳು, ಅಲ್ಲಿಗೆ ಪಕ್ಕದ ಮನೆಯವರ ಕತೆ ಮುಗಿಯಿತು. ಅವಳು ಅತ್ತು ಮುಗಿಸುವ ತನಕ ನರ್ಸು ಗಡಿಯಾರ ನೋಡಲಿಲ್ಲ. ಆಮೇಲೆ ಹೇಳಿದ: ಹೆದರಿದಾಗ ಕಿವಿಗೆ ಬಿದ್ದದ್ದು ತಲೆಗೆ ಹೋಗುವುದಿಲ್ಲ, ಅದು ಎಲ್ಲರಿಗೂ ಆಗುವಂಥದ್ದು. ಪ್ರಶ್ನೆಗಳನ್ನು ಬರೆದುಕೊಳ್ಳಿ, ಒಳಗೆ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಅರ್ಥವಾಗದಿದ್ದರೆ ಮತ್ತೆ ಕೇಳಿ.

"ಎರಡು ಸಲ ಕೇಳೋದಾ?" ಎಂದಳು ಅಕ್ಕ, ಅಪರಾಧ ಮಾಡಲು ಹೇಳಿದಂತೆ.

"ಹತ್ತು ಸಲ ಕೇಳಿ. ಗುರುವಾರ ಮಧ್ಯಾಹ್ನ ಇಲ್ಲೇ ಐದಾರು ಜನ ಸೇರ್ತಾರೆ, ಕಾಯಿಲೆ ಇರೋರೇ. ಬನ್ನಿ."

ಗುರುವಾರ ಅಕ್ಕ ಬಾಗಿಲ ಹತ್ತಿರದ ಕುರ್ಚಿಯನ್ನೇ ಹಿಡಿದಳು, ಬೇಕೆಂದಾಗ ಎದ್ದು ಹೋಗಬಹುದಲ್ಲ ಎಂದು. ಬಾಯಿಬಿಟ್ಟು ಎರಡು ಮಾತಾಡಿದ್ದೇ ತಡ, ಎದುರಿಗಿದ್ದ ಒಬ್ಬ ಬಡಗಿ ನೆಟ್ಟಗೆ ಕೂತ.

"ನೀವು ಬಸ್ ಸ್ಟ್ಯಾಂಡಿನೋರಲ್ವಾ? ಈ ದನಿ ನಾನು ಸತ್ರೂ ಮರೆಯಲ್ಲ. 'ಬೋರ್ಡ್ ಓದೋಕೆ ಬರಲ್ವಾ' ಅಂತ ಬೈದಿದ್ರಿ!"

"ಬೋರ್ಡು ನಿಮ್ಮ ತಲೆ ಮೇಲೇ ಇತ್ತಲ್ಲ!"

"ನಾನು ಆವತ್ತು ಕನ್ನಡಕ ಮರೆತಿದ್ದೆ, ಅಕ್ಕ."

ಅಕ್ಕನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಬಡಗಿಯೇ ಮೊದಲು ನಕ್ಕ, ಹಿಂದೆಯೇ ಕೋಣೆಯೆಲ್ಲ. ಆ ಕೋಣೆಯಲ್ಲಿ ಯಾರೂ ಯಾರಿಗೂ ಸೊಪ್ಪಿನ ರಸ ಹೇಳಲಿಲ್ಲ, 'ಧೈರ್ಯವಾಗಿರಿ' ಎಂದೂ ಅನ್ನಲಿಲ್ಲ. ಸ್ಕ್ಯಾನಿನ ಹಿಂದಿನ ದಿನ ತನಗೆ ಉಳಿ ಹಿಡಿಯಲೂ ಕೈ ನಡುಗುತ್ತದೆ ಎಂದು ಬಡಗಿ ಹೇಳಿದ. ಅಕ್ಕ ಬಚ್ಚಲಿನ ನಲ್ಲಿಯ ವಿಷಯ ಹೇಳಿದಳು. ನೀರೆಲ್ಲ ವ್ಯರ್ಥ, ಇಲ್ಲಿ ಬಂದು ಅತ್ತುಬಿಡಿ ಎಂದರು ಉಳಿದವರು.

ಡಾಕ್ಟರ ಬಳಿ ಮುಂದಿನ ಸಲ ಹೋದಾಗ ಗಂಡನೂ ಒಳಗೆ ಬಂದ, ಕೈಯಲ್ಲಿ ನೋಟ್‌ಬುಕ್ಕು. ಡಾಕ್ಟರು ಬಾಗಿಲ ಕಡೆ ಕಣ್ಣು ಹಾಯಿಸಿದ್ದನ್ನು ಅಕ್ಕ ನೋಡಿದಳು.

"ಹೊರಗೆ ಕ್ಯೂ ಇರೋದು ಗೊತ್ತು ಸಾರ್, ನಾನೂ ಕೌಂಟರಿನವಳೇ. ಹನ್ನೊಂದು ಪ್ರಶ್ನೆ ಇದೆ. ಚುರುಕಾಗಿ ಕೇಳ್ತೀನಿ, ನೀವು ನಿಧಾನವಾಗಿ ಹೇಳಿ."

ಡಾಕ್ಟರು ನಕ್ಕು ಕುರ್ಚಿಗೆ ಒರಗಿದರು. ಹನ್ನೊಂದಕ್ಕೂ ಉತ್ತರ ಸಿಕ್ಕಿತು. ಕೊನೆಗೆ, "ನಾನೊಂದು ಕೇಳ್ಲಾ?" ಎಂದು ಎಣಿಸಿ ಮಾತಾಡುವ ಗಂಡ ಬಾಯಿ ತೆರೆದ. "ಅವಳು ಅಳುವಾಗ ನಾನು ಏನು ಮಾಡ್ಬೇಕು?" ಡಾಕ್ಟರು, "ಪಕ್ಕದಲ್ಲಿ ಕೂತ್ಕೊಳ್ಳಿ," ಎಂದರು. ಆತ ಅದನ್ನೂ ಬರೆದುಕೊಂಡ.

ಆಪರೇಷನ್ ಆಯಿತು. ಡ್ರಿಪ್ಪಿನ ತಿಂಗಳುಗಳಲ್ಲಿ ಕೂದಲು ಉದುರಿತು, ನಾಲಿಗೆ ಕೆಟ್ಟಿತು, ಅಕ್ಕ ಎಲ್ಲರ ಮೇಲೂ ಹರಿಹಾಯ್ದಳು. ತಂಗಿಗೆ ಫೋನು ಓದುವ ಕೆಲಸ ಬಿಡಿಸಿ, ಯಾವ ತಾರೀಖು ಯಾವ ಮಾತ್ರೆ ಎಂದು ಪಟ್ಟಿ ಬರೆಯುವ ಕೆಲಸ ಕೊಟ್ಟಳು. ತಂಗಿ ಅದಕ್ಕೆ ನಾಲ್ಕು ಬಣ್ಣದ ಪೆನ್ನು ಕೊಂಡಳು.

ಡ್ರಿಪ್ಪು ಮುಗಿದು ಈಗ ಎರಡು ವರ್ಷ. ಮಾತ್ರೆ ಇನ್ನೂ ನುಂಗಬೇಕು, ಆರು ತಿಂಗಳಿಗೊಮ್ಮೆ ತೋರಿಸಬೇಕು. ಪೂರಾ ಹೋಯಿತೇ ಎಂದರೆ ಡಾಕ್ಟರು, "ಸದ್ಯಕ್ಕೆ ಏನೂ ಕಾಣ್ತಿಲ್ಲ," ಎನ್ನುತ್ತಾರೆ. ಆ 'ಸದ್ಯಕ್ಕೆ' ಅಕ್ಕನಿಗೆ ಹಿಡಿಸುವುದಿಲ್ಲ, ಆದರೂ ಅದರ ಜೊತೆಗೇ ಸಂಸಾರ ನಡೆಸುವುದನ್ನು ಕಲಿತಿದ್ದಾಳೆ. ಮೊನ್ನೆ ತಪಾಸಣೆಗೆ ಹೊರಟಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಗಂಡನೊಂದಿಗೆ ಜಗಳವಾಡಿ ಗೆದ್ದಳು, ದಾರಿಯುದ್ದಕ್ಕೂ ಆತನ ಕೈಯನ್ನು ಬಿಡಲಿಲ್ಲ.